750 ವರ್ಷ ಹಳೆಯ ಪೋಲಿಷ್ ವಾಕ್ಯ ಓದುವುದು ಹೇಗೆ?

ಹೆಂಡತಿ ಕಲ್ಲಿನಲ್ಲಿ ಬೀಸುತ್ತಿದ್ದಾಳೆ. ಗಂಡ ಬಂದು ಒಂದು ಮಾತು ಹೇಳುತ್ತಾನೆ. ಪೋಲಿಷ್ ಭಾಷೆಯಲ್ಲಿ ಬರೆದಿಟ್ಟ ಅತಿ ಹಳೆಯ ವಾಕ್ಯ ಎಂದು ಹೆಸರಾಗಿರುವುದು ಆ ಮಾತೇ. ಸುಮಾರು 1270ರಲ್ಲಿ, ಈಗಿನ ಪೋಲೆಂಡ್‌ನಲ್ಲಿರುವ ಸೈಲೀಷಿಯಾ ಪ್ರಾಂತ್ಯದ ಹೆನ್ರಿಕುಫ್ ಮಠದ ಪುಸ್ತಕದಲ್ಲಿ ಅದು ಸೇರಿತು. ಪೋಲಿಷ್ ಬಾರದವರೂ ಅದನ್ನು ಓದಬಹುದು.

ಮೊದಲು ಆ ಮಾತು ಅಲ್ಲಿಗೆ ಹೇಗೆ ಬಂತು ಅಂತ ನೋಡಿ. ಪುಸ್ತಕ ಲ್ಯಾಟಿನ್‌ನಲ್ಲಿದೆ. ಮಠದ ಜಮೀನು ಯಾರಿಂದ ಹೇಗೆ ಬಂತೆಂದು ಮಠಾಧಿಪತಿ ಪಿಯೊತ್ರ್ ಬರೆದಿಡುತ್ತಿದ್ದರು. ಮಾತು ಹೇಳಿದವನು ಬೊಗುಖ್ವಾಲ್, ಚೆಕ್ ನಾಡಿನವನು. ಹೆಂಡತಿಗೆ ಬೀಸಿಕೊಡುತ್ತಿದ್ದ ಅವನಿಗೆ ಜನ ಬ್ರುಕಾಲ್ ಎಂದು ಅಡ್ಡಹೆಸರಿಟ್ಟರು. ಅದರಿಂದಲೇ ಊರಿಗೆ ಬ್ರುಕಾಲಿತ್ಸೆ ಎಂಬ ಹೆಸರು ಬಂತು. ಊರ ಹೆಸರಿನ ಕಥೆ ಹೇಳುವಾಗ ಪಿಯೊತ್ರ್ ಅವನ ಮಾತನ್ನು ಪೋಲಿಷ್‌ನಲ್ಲೇ ಬರೆದರು. ನಮ್ಮ ಪುಣ್ಯ!

ಈಗ ಬರೆದಿರುವ ಹಾಗೇ ಅಕ್ಷರ ಕೂಡಿಸಿ: "ದಯ್, ಉತ್ ಯ ಪೊಬ್ರುಸ, ಅ ತಿ ಪೊಜಿವಯ್."

ಮುಂದಿನ ಹೆಜ್ಜೆ ಸ್ವಲ್ಪ ಕಷ್ಟ, ಆದರೆ ಸ್ವಾರಸ್ಯ ಇರುವುದೂ ಇಲ್ಲೇ. ಬರೆದವರ ಕೈಯಲ್ಲಿದ್ದುದು ಲ್ಯಾಟಿನ್ ಅಕ್ಷರಗಳು ಮಾತ್ರ. ಪೋಲಿಷ್‌ನ ಶ, ಚ, ಮೂಗಿನಿಂದ ಹೊರಡುವ ಸ್ವರ, ಇವಕ್ಕೆ ಅಲ್ಲಿ ಅಕ್ಷರವೇ ಇರಲಿಲ್ಲ. ಹತ್ತಿರದ ಅಕ್ಷರ ಹಾಕಿ ಕೆಲಸ ಸಾಗಿಸಿದರು. ಹಾಗಾಗಿ 'ಪೊಬ್ರುಸ'ದ ಸ ಕಂಡಲ್ಲಿ ಶ ಅನ್ನಿ, ಕೊನೆಯ ಸ್ವರವನ್ನು ಮೂಗಿನಿಂದ ಎಳೆಯಿರಿ. ಈಗಿನವರ ಬಾಯಲ್ಲಿ ಅದು 'ಪೊಬ್ರುಶೆಂ' ಎಂಬಂತೆ ಕೇಳುತ್ತದೆ. 'ಪೊಜಿವಯ್' ಅನ್ನು 'ಪೊಚಿವಯ್' ಎಂದು ಓದಿ. 'ಉತ್' ಇರುವಲ್ಲಿ ಈಗ 'ಅಚ್' ಎಂದು ಓದುವುದು ರೂಢಿ. ಈ ಅಕ್ಷರಗಳ ತೊಡಕಿಗೆ ನಿಯಮ ಹುಡುಕುತ್ತಾ ಕ್ರಾಕುಫ್ ನಗರದ ವಿದ್ವಾಂಸ ಯಾಕುಬ್ ಪಾರ್ಕೊಶೊವಿತ್ಸ್ ಸುಮಾರು 1440ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಷ್ಟರಲ್ಲಿ 170 ವರ್ಷ ಕಳೆದಿತ್ತು.

ಕೊನೆಗೆ ಅರ್ಥ. 'ದಯ್' ಅಂದರೆ ಕೊಡು, 'ಯ' ಅಂದರೆ ನಾನು, 'ತಿ' ಅಂದರೆ ನೀನು. ಈ ಮೂರೂ ಇವತ್ತಿನ ಪೋಲಿಷ್‌ನಲ್ಲೂ ಹೆಚ್ಚುಕಡಿಮೆ ಹಾಗೇ ಇವೆ. ಬೀಸುವುದಕ್ಕೆ ಮಾತ್ರ ಈಗ ಬೇರೆ ಪದ ಬಳಸುತ್ತಾರೆ. ಒಟ್ಟಿಗೆ ಓದಿ: "ಕೊಡು, ನಾನು ಬೀಸ್ತೀನಿ, ನೀನು ಸುಧಾರಿಸ್ಕೋ."

ಆ ಹಾಳೆಯನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಪೋಲೆಂಡ್‌ನ ವ್ರೊತ್ಸ್ವಾಫ್ ನಗರಕ್ಕೆ ಹೋಗಬೇಕು. ಪುಸ್ತಕ ಅಲ್ಲಿನ ಚರ್ಚಿನ ಮ್ಯೂಸಿಯಂನಲ್ಲಿದೆ. 2015ರಲ್ಲಿ ಯುನೆಸ್ಕೊ ಅದನ್ನು ವಿಶ್ವದ ಸ್ಮರಣೆಯ ಪಟ್ಟಿಗೆ ಸೇರಿಸಿತು.