1390ರ ಊಟಕ್ಕೆ ಚೀಸ್ ಹುಡುಕಿದ ನನ್ನ ಅನುಭವ

ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಹತ್ತಿರ ಮಧ್ಯಯುಗದ ಬದುಕನ್ನು ಆಡಿ ತೋರಿಸುವ ತಂಡವೊಂದಿದೆ. ಅಂದಿನ ಉಡುಗೆ, ಅಂದಿನ ಒಲೆ, ಅಂದಿನ ಊಟ. ಅಡುಗೆಯ ಹೊಣೆ ನನ್ನದು. ನಮ್ಮ ಕಾಲ 1390ರ ಆಸುಪಾಸು, ಎರಡನೇ ರಿಚರ್ಡ್ ದೊರೆಯಾಗಿದ್ದ ದಿನಗಳು. ಬ್ರೆಡ್ಡು, ಮಾಂಸ, ಮಸಾಲೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಚೀಸ್ ಹಾಗಲ್ಲ. ಹೆಸರು ಹಳೆಯದಿದ್ದರೂ ಒಳಗಿನ ಸರಕು ಹೊಸದಾಗಿರಬಹುದು.

ಚೆಡ್ಡರನ್ನೇ ನೋಡಿ. 1170ರಲ್ಲಿ ಎರಡನೇ ಹೆನ್ರಿಗಾಗಿ 10,240 ಪೌಂಡ್ ಚೆಡ್ಡರ್ ಕೊಂಡ ಲೆಕ್ಕ ಅರಮನೆಯ ಕಡತದಲ್ಲಿದೆ. ಆದರೆ ಇವತ್ತಿನ ಚೆಡ್ಡರ್ ತಯಾರಿಕೆಯನ್ನು ಒಂದು ಕ್ರಮಕ್ಕೆ ತಂದದ್ದು ಜೋಸೆಫ್ ಹಾರ್ಡಿಂಗ್, ಅದೂ 19ನೇ ಶತಮಾನದಲ್ಲಿ. ಇನ್ನು ಕೆಲವು ಚೀಸ್‌ಗಳ ಕಿತ್ತಳೆ ಬಣ್ಣ ಬರುವುದು ಅನ್ನಾಟೊ ಬೀಜದಿಂದ. ಆ ಗಿಡ ಅಮೆರಿಕ ಖಂಡದ್ದು. ಕೊಲಂಬಸ್‌ಗಿಂತ ನೂರು ವರ್ಷ ಹಿಂದಿನ ತಟ್ಟೆಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾಗಿ ನನ್ನ ಪಟ್ಟಿಯನ್ನು ಹೆಸರಿನ ಮೇಲೆ ಕಟ್ಟಲಿಲ್ಲ. ಯಾವ ಹಾಲು, ಏನು ಹಾಕಿ ಒಡೆಸಿದ್ದು, ಎಷ್ಟು ತಿಂಗಳು ಹಣ್ಣಾಗಿಸಿದ್ದು, ಯಾವ ಋತುವಿನದು, ದಾಖಲೆ ಯಾವ ವರ್ಷದ್ದು, ಈಗ ಅದಕ್ಕೆ ಹತ್ತಿರದ್ದು ಏನು ಸಿಗುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳುತ್ತೇನೆ. ಅಡುಗೆ ಪುಸ್ತಕಕ್ಕಿಂತ ಮನೆತನದ ಖರ್ಚಿನ ಕಡತವನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ದುಡ್ಡು ಕೊಟ್ಟವನು ತೂಕವನ್ನೂ ಬೆಲೆಯನ್ನೂ ಬರೆದಿಡುತ್ತಾನೆ. ರಿಚರ್ಡ್‌ನ ಅಡುಗೆಯವರ ಸಂಗ್ರಹವಾದ ‘ಫೋರ್ಮ್ ಆಫ್ ಕ್ಯುರಿ’ ಮ್ಯಾಕರೋನಿಯಂಥ ತಿನಿಸಿಗೆ ತುರಿದ ಚೀಸ್ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಬ್ರೀ ಟಾರ್ಟ್‌ಗೆ ಮಾತ್ರ ‘ರುವೇನ್’ ಚೀಸೇ ಬೇಕು ಎನ್ನುತ್ತದೆ. ಹುಲ್ಲು ಕೊಯ್ದ ಮೇಲೆ ಮತ್ತೆ ಚಿಗುರಿದ್ದನ್ನು ಮೇಯ್ದ ದನಗಳ ಹಾಲಿನಿಂದ ಹಿಂಗಾರು ಕಾಲದಲ್ಲಿ ಮಾಡಿದ್ದು ಅದು. ಋತುವಿಗೊಂದು ಕಾಲಂ ಇಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು.

ಅಂಗಡಿಯಲ್ಲಿ ಆರಿಸುವಾಗ ನನಗೆ ನೆರವಾಗುವುದು ಅದೇ ದಶಕದ ಪ್ಯಾರಿಸ್‌ನ ಗೃಹಸ್ಥನೊಬ್ಬ ಹೆಂಡತಿಗೆಂದು ಬರೆದಿಟ್ಟ ಮಾತು. ಒಳ್ಳೆಯ ಚೀಸ್ ಗ್ರೀಕ್ ಕಥೆಗಳ ಸುಂದರಿ ಹೆಲೆನ್‌ಳಂತೆ ಬೆಳ್ಳಗಿರಬಾರದು, ಬೈಬಲಿನ ಮ್ಯಾಗ್ಡಲೀನಳಂತೆ ಕಣ್ಣೀರಿಡಬಾರದು, ಗ್ರೀಕ್ ಪುರಾಣದ ದೈತ್ಯ ಆರ್ಗಸ್‌ನಂತೆ ಮೈತುಂಬ ಕಣ್ಣಿರಬಾರದು. ಭಾರವಾಗಿರಬೇಕು, ಹೆಬ್ಬೆರಳು ಒತ್ತಿದರೆ ಬಗ್ಗಬಾರದು, ಸಿಪ್ಪೆ ಒರಟಾಗಿರಬೇಕು. ಒತ್ತಿ ನೋಡಲು ಅಂಗಡಿಯವರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ನಮ್ಮ ಪಂಕ್ತಿಯಲ್ಲಿ ಸಸ್ಯಾಹಾರಿಗಳೂ ಇರುತ್ತಾರೆ. ಹಾಲು ಒಡೆಸಲು ಹಾಕುವ, ಕರುವಿನ ಜಠರದಿಂದ ತೆಗೆದ ರೆನ್ನೆಟ್ ಅವರಿಗೆ ಆಗದು. ಇದಕ್ಕೆ ದಾರಿ ಸಿಕ್ಕಿದ್ದು ಒಂದನೇ ಶತಮಾನದ ರೋಮನ್ ಕೃಷಿಲೇಖಕ ಕಾಲುಮೆಲ್ಲನಲ್ಲಿ. ಕುರಿಮರಿ, ಆಡಿನ ಮರಿಯ ರೆನ್ನೆಟ್ಟಿನ ಜತೆಗೆ ಕಾಡು ಮುಳ್ಳುಗಿಡದ ಹೂವು, ಕುಸುಬೆ ಬೀಜ, ಅಂಜೂರದ ಹಾಲು ಇವೂ ಹಾಲನ್ನು ಒಡೆಸುತ್ತವೆ ಎಂದು ಅವನು ಬರೆದಿದ್ದಾನೆ. ಪೋರ್ಚುಗಲ್ಲಿನ ಸೆರಾ ದ ಎಸ್ಟ್ರೆಲಾ ಚೀಸ್ ಇಂದಿಗೂ ಕಾರ್ಡೂನ್ ಎಂಬ ಮುಳ್ಳುಗಿಡದ ಹೂವಿನಿಂದಲೇ ಆಗುತ್ತದೆ. ನಾನು ಆ ಒಣಹೂವನ್ನು ನೆನೆಹಾಕಿ, ಅರೆದು, ಸೋಸಿ, ಉಗುರುಬೆಚ್ಚಗಿನ ಕುರಿಹಾಲಿಗೆ ಬೆರೆಸುತ್ತೇನೆ. ಪಾತ್ರೆಯನ್ನು ಅಲುಗಿಸದೆ ಒಲೆಯ ಪಕ್ಕದಲ್ಲಿಡಬೇಕು, ಉರಿಯ ಮೇಲಲ್ಲ. ಬೆರಳು ಇಳಿಸಿ ಮೆಲ್ಲಗೆ ಎತ್ತಿದಾಗ ಗಟ್ಟಿ ಮೊಸರಿನಂತೆ ನೇರವಾಗಿ ಬಿರಿದು, ಬಿರುಕಿನಲ್ಲಿ ತಿಳಿಹಸಿರು ನೀರು ತುಂಬಿಕೊಂಡರೆ ಕತ್ತರಿಸಬಹುದು. ಕಣ್ಣಿಗೆ ಹಾಲು ಹಾಲಾಗಿ ಕಂಡರೆ ಇನ್ನೂ ಕಾಯಬೇಕು. ಹೂವು ಜಾಸ್ತಿಯಾದರೆ ಕಹಿ ಉಳಿಯುತ್ತದೆ. ಹದವಾಗಿ ಬಂದಾಗ ಅದರ ಮೃದುತ್ವ ಬೇರೆ ಯಾವುದಕ್ಕೂ ಇಲ್ಲ, ನನಗಂತೂ ಪಟ್ಟಿಯಲ್ಲೆಲ್ಲ ಇದೇ ಇಷ್ಟ.

ಇನ್ನೊಂದು ವಿಷಯ, ತಾರೀಖು. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದಲ್ಲಿ ಆಗ ಹಾಲು, ಬೆಣ್ಣೆ, ಮೊಟ್ಟೆ, ಚೀಸ್ ಯಾವುದೂ ಸಲ್ಲುತ್ತಿರಲಿಲ್ಲ. ಪ್ರದರ್ಶನ ಮಾರ್ಚ್‌ನಲ್ಲಿ ಬಿದ್ದರೆ ನಾನು ಚೀಸ್ ಬಡಿಸುವುದೇ ಇಲ್ಲ. ಅದರ ಬದಲು, ಮೇಲೆ ಹೇಳಿದ ಸಂಗ್ರಹದಲ್ಲೇ ಇರುವ ಬಾದಾಮಿ ಕೆನೆ ಮಾಡುತ್ತೇನೆ. ಸಿಪ್ಪೆ ತೆಗೆದ ಬಾದಾಮಿಯನ್ನು ಅರೆದು ದಪ್ಪ ಹಾಲು ತೆಗೆದು ಕುದಿಸಿ, ಇಳಿಸಿ, ವಿನೆಗರ್ ಚಿಮುಕಿಸಿ, ಬಟ್ಟೆಯ ಮೇಲೆ ಹರಡಿ ಸಕ್ಕರೆ ಉದುರಿಸುವುದು. ಆರಿದ ಮೇಲೆ ಒಟ್ಟುಗೂಡಿಸಿ ಬಿಲ್ಲೆ ಕತ್ತರಿಸಿದರಾಯಿತು. ಬಟ್ಟೆ ಮಾತ್ರ ತೆಳುವಾದ ಹತ್ತಿಯದಾಗದೆ ಒತ್ತಾಗಿ ನೇಯ್ದ ನಾರುಬಟ್ಟೆಯಾಗಿರಲಿ, ಇಲ್ಲದಿದ್ದರೆ ಅರ್ಧ ಕೆನೆ ಅದರಲ್ಲೇ ಉಳಿಯುತ್ತದೆ.