ಓಟ ನಿಂತ ಮೇಲೂ ಕಾಲೇಜು ಮೈದಾನದಲ್ಲೇ ಇರಬೇಕಾ? ಹೀಗೆ ಮಾಡಿ

1968ರ ಮೆಕ್ಸಿಕೊ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್. ಅಮೆರಿಕದ ಲ್ಯಾರಿ ಜೇಮ್ಸ್ ಓಡಿದ್ದು 43.97 ಸೆಕೆಂಡು. ಆದ್ರೂ ಸಿಕ್ಕಿದ್ದು ಬೆಳ್ಳಿ, ಯಾಕಂದ್ರೆ ಲೀ ಇವಾನ್ಸ್ 43.86ಕ್ಕೇ ಮುಗಿಸಿಬಿಟ್ಟಿದ್ದರು! ರಿಲೇನಲ್ಲಿ ಇಬ್ಬರೂ ಸೇರಿ ಚಿನ್ನ ತಂದರು. ಮುಂದೆ ಜೇಮ್ಸ್ ನ್ಯೂಜೆರ್ಸಿಯ ಸ್ಟಾಕ್‌ಟನ್ ಕಾಲೇಜಿನಲ್ಲಿ ಕ್ರೀಡಾ ವಿಭಾಗದ ಡೀನ್ ಆದರು. ಅಲ್ಲಿನ ಸ್ಟೇಡಿಯಂಗೆ ಅವರದೇ ಹೆಸರು.

ನಮ್ಮಲ್ಲಿ ಆ ಕುರ್ಚಿಗೆ ಹತ್ತಿರದ್ದು ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಅದೇ ನಮ್ಮ ಪಿ.ಡಿ. ಸರ್. ಅದಕ್ಕೆ ಬರೀ ಕಾಲು ಸಾಲದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ ಎಂ.ಪಿ.ಎಡ್‌ನಲ್ಲಿ, ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯಲ್ಲಿ 55% ಬೇಕು, ಜೊತೆಗೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಅದರ ರಾಜ್ಯಮಟ್ಟದ ರೂಪ ಕೆ-ಸೆಟ್ ಪಾಸಾಗಿರಬೇಕು. ಏಷ್ಯನ್ ಗೇಮ್ಸ್ ಅಥವಾ ಕಾಮನ್‌ವೆಲ್ತ್ ಪದಕ ಇದ್ದು ಸ್ನಾತಕೋತ್ತರ ಪದವಿಯೂ ಇದ್ದರೆ ಬೇರೆ ದಾರಿ ಉಂಟು, ಆದರೆ ಅಂಥವರು ಎಷ್ಟು ಜನ ಹೇಳಿ?

ಹಾಗಾಗಿ ಡಿಗ್ರಿ ಓದುವಾಗಲೇ ಶುರು ಮಾಡಿ. ಅಂತರ ಕಾಲೇಜು, ಅಂತರ ವಿವಿ ಕೂಟಗಳಲ್ಲಿ ಓಡಿದ್ದಕ್ಕೆ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನು ಅವತ್ತೇ ಕೈಗೆ ತಗೊಳ್ಳಿ. 'ಆಮೇಲೆ ಬಾ' ಅಂದರೆ ಅಲ್ಲೇ ನಿಲ್ಲಿ. ನನ್ನದೊಂದು ಹಾಸ್ಟೆಲ್ ಕಿಟಕಿ ಪಕ್ಕ ಮಳೆಗೆ ನೆನೆದು, ಸೀಲಿನ ನೇರಳೆ ಶಾಯಿ ಹೆಸರಿನ ಮೇಲೆಲ್ಲ ಹರಡಿತ್ತು. ಇನ್ನೊಂದು ಪ್ರತಿ ಮಾಡಿಸಲು ಐದು ಸಲ ಅಲೆದೆ. ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಫೋಟೋ ಹಾಕಿ ಮೆರೆಯಿರಿ.

ನೆಟ್ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣದ ವಿಷಯ ಸಂಖ್ಯೆ 47. ಒಟ್ಟು 150 ಪ್ರಶ್ನೆ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯಲ್ಲ. ಒಂದನ್ನೂ ಖಾಲಿ ಬಿಡಬೇಡಿ.

ಈ ಹುದ್ದೆಗೆ ಫಿಟ್‌ನೆಸ್ ಟೆಸ್ಟೂ ಪಾಸಾಗಬೇಕು. ಸ್ಪ್ರಿಂಟರ್‌ಗಳು ಎಡವುವುದು ಅದರಲ್ಲೇ, ತಮಾಷೆ ಅಲ್ವಾ? 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಗಂಡಸರಿಗೆ ಅದು ನಾಲ್ಕೂವರೆ ಸುತ್ತು, ಅಂದರೆ ಸುತ್ತಿಗೆ 2 ನಿಮಿಷ 40 ಸೆಕೆಂಡು. ಜಾಗಿಂಗ್‌ಗಿಂತ ಜಾಸ್ತಿ ಏನಿಲ್ಲ. ಆದರೆ ವಿಸಿಲ್ ಕೇಳಿದ ಕೂಡಲೇ ಹಳೆ ಚಾಳಿ ಎದ್ದು ಬರುತ್ತೆ, ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಬಾರಿಸಿ ಮೂರನೇದಕ್ಕೆ ಸೊಂಟ ಹಿಡಿದು ನಿಲ್ಲುತ್ತೀರಿ. ಟೆಸ್ಟಿಗೆ ಎರಡು ತಿಂಗಳ ಮುಂಚೆ, ವಾರಕ್ಕೆ ಮೂರು ದಿನ, ವಾಚ್ ನೋಡಿಕೊಂಡು ನಿಧಾನವಾಗಿ ಓಡುವುದನ್ನು ಕಲಿಯಿರಿ.