ಹೊಸ ಸಿಸ್ಟಂ ತಗೊಳ್ಳುವ ಮುಂಚೆ ಕೀಬೋರ್ಡ್ ನೋಡಿ

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರದ ಆಫೀಸು. ಬೆಲ್ಲದ ಮಂಡಿ, ಗೊಬ್ಬರದ ಅಂಗಡಿ, ಒಂದೆರಡು ಅಕ್ಕಿ ಗಿರಣಿ, ಇವರ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕೆಲಸ ಮಾಡುತ್ತೇವೆ. ನಾನು ಓದಿದ್ದು ಬಿಕಾಂ, ಕಂಪ್ಯೂಟರ್ ಅಲ್ಲ. ಆದರೂ ಸಿಸ್ಟಂ ಕೈಕೊಟ್ಟರೆ ಎಲ್ಲರೂ ತಿರುಗಿ ನೋಡುವುದು ನನ್ನ ಕಡೆಗೇ. ರಿಪೇರಿಯವರನ್ನು ಕರೆದರೆ ನಾಳೆ ಬರ್ತೀನಿ ಅಂತಾರೆ, ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನ್ ಕಟ್ಟಲು ಕೊನೇ ದಿನವಾದ 20ನೇ ತಾರೀಖು ಇವತ್ತೇ ಆಗಿರುತ್ತದೆ. ಹಾಗಾಗಿ ಕಲಿಯಲೇಬೇಕಾಯಿತು.

ಸಿಸ್ಟಂ ಸ್ಲೋ ಆಗಿದೆ ಅಂದ ಕೂಡಲೇ ಸಲಹೆ ಕೊಡುವವರು ಬೇಕಾದಷ್ಟು ಜನ. ನಮ್ಮ ಗಿರಣಿ ಯಜಮಾನರೊಬ್ಬರು, "ಅಯ್ಯೋ ಬುಡಿ ಸಾ, ಐ ಸೆವೆನ್ ಹಾಕ್ಸ್‌ಬುಡಿ" ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಬಿಟ್ಟರೆ ನಮಗೆ ಬೇರೇನೂ ಇಲ್ಲ. ಐ ಸೆವೆನ್ ಪ್ರೊಸೆಸರ್ ಇದ್ದರೂ ಅದಕ್ಕೆ ಮಾಡಲು ಕೆಲಸವಿಲ್ಲ. ನಾನು ಪ್ರೊಸೆಸರ್ ಹೆಸರು ಕೇಳುವುದಿಲ್ಲ. ಎಂಟ್ರಿ ಮಾಡುವವರ ಪಕ್ಕದಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತು, ಅವರ ಕೈ ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತೇನೆ. ದುಡ್ಡು ಹಾಕಬೇಕಾದದ್ದು ಅಲ್ಲಿಗೆ.

ನಮ್ಮಲ್ಲಿ ಎಂಟ್ರಿ ಮಾಡುವ ಅಕ್ಕನ ಕೈ ನಿಲ್ಲುತ್ತಿದ್ದದ್ದು ಕೀಬೋರ್ಡಿನಲ್ಲಿ. ಯಾರೋ ನೋಡಲು ಚೆಂದ ಅಂತ ತೆಳ್ಳನೆಯ ಕೀಬೋರ್ಡ್ ತಂದಿಟ್ಟಿದ್ದರು. ಟ್ಯಾಲಿಯಲ್ಲಿ ಎಫ್5 ಪೇಮೆಂಟು, ಎಫ್6 ರಿಸೀಟು, ಎಫ್8 ಸೇಲ್ಸು, ಎಫ್9 ಪರ್ಚೇಸು. ಹಳೇ ಕಾಲದ ದೊಡ್ಡ ಕೀಬೋರ್ಡ್ ಗಮನಿಸಿ. ಎಫ್4 ಆದಮೇಲೆ ಒಂದು ಸಂದು ಇರುತ್ತದೆ, ಎಫ್8 ಆದಮೇಲೆ ಇನ್ನೊಂದು. ಆ ಸಂದು ಸಿಕ್ಕಿದರೆ ಬೆರಳಿಗೆ ಎಲ್ಲಾ ಗೊತ್ತಾಗುತ್ತದೆ, ತಲೆ ಬಗ್ಗಿಸಿ ನೋಡಬೇಕಾಗಿಲ್ಲ. ತೆಳ್ಳನೆಯದರಲ್ಲಿ ಹನ್ನೆರಡೂ ಕೀ ಒಂದೇ ಸಾಲಿನಲ್ಲಿ ಅಂಟಿಕೊಂಡು ಕೂತಿದ್ದವು. ಎಫ್8 ಒತ್ತಲು ಹೋಗಿ ಎಫ್9 ಒತ್ತುವುದು, ಸೇಲ್ಸ್ ಬಿಲ್ಲು ಪರ್ಚೇಸ್‌ಗೆ ಹೋಗುವುದು, ಆಮೇಲೆ ಹುಡುಕಾಟ. ಸಂದು ಇರುವ ಮಾಮೂಲಿ ಕೀಬೋರ್ಡ್ ತಂದ ಮೇಲೆ ಅಕ್ಕನ ಗೊಣಗಾಟ ನಿಂತಿತು.

ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಎಫ್ ಕೀ ಒತ್ತಿದರೆ ವೋಚರ್ ಬದಲು ಸೌಂಡೋ ಬ್ರೈಟ್‌ನೆಸ್ಸೋ ಏರುತ್ತದೆ. ತುಂಬಾ ಜನ ಎಫ್‌ಎನ್ ಕೀ ಒತ್ತಿ ಹಿಡಿದುಕೊಂಡೇ ವರ್ಷಗಟ್ಟಲೆ ಒದ್ದಾಡುತ್ತಾರೆ. ಬೇಕಾಗಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಜೊತೆ ಎಸ್ಕೇಪ್ ಒಂದು ಸಲ ಒತ್ತಿದರೆ ಸಾಕು, ಎಫ್ ಕೀಗಳು ಎಫ್ ಕೀಗಳಾಗಿಯೇ ಇರುತ್ತವೆ. ಅದು ಆಗದಿದ್ದರೆ ಬಯಾಸ್ (ವಿಂಡೋಸ್ ಶುರುವಾಗುವ ಮುಂಚೆ ಬರುವ ಸೆಟ್ಟಿಂಗ್) ಒಳಗೆ ಹೋಗಿ ಬದಲಾಯಿಸಬಹುದು. ಬಲಗಡೆ ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್ ಅಕೌಂಟ್ಸ್‌ನವರಿಗೆ ಬೇಡವೇ ಬೇಡ. ತಗೊಂಡಾಗಿದ್ದರೆ ಬರೀ ನಂಬರ್ ಪ್ಯಾಡು ಯುಎಸ್‌ಬಿಯಲ್ಲಿ ಬೇರೆ ಸಿಗುತ್ತದೆ, ಸಿಕ್ಕಿಸಿಕೊಳ್ಳಿ.

ಎರಡನೇ ಖರ್ಚು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲು ಹಾಕುವ ಡ್ರೈವ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಸಿಪಿಯು ಹತ್ತೋ ಹದಿನೈದೋ ಪರ್ಸೆಂಟಿನಲ್ಲಿ ಆರಾಮಾಗಿದ್ದು, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ರೋಗ ಸಿಕ್ಕಿತು ಅಂತ ಅರ್ಥ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ಸುತ್ತುತ್ತಿರುತ್ತದೆ, ಅದರ ಮೇಲೆ ಒಂದು ಕಡ್ಡಿ ಅತ್ತಿಂದಿತ್ತ ಓಡಾಡಿ ಓದಬೇಕು. ಒಂದು ದೊಡ್ಡ ಸಿನಿಮಾ ಫೈಲ್ ಆದರೆ ಸರಾಗವಾಗಿ ಓದುತ್ತದೆ. ನೂರಾರು ಚೂರು ಫೈಲು ಕೇಳಿದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ. ವಿಂಡೋಸ್ ಶುರುವಾಗುವಾಗ ಕೇಳುವುದು ಇಂಥ ಚೂರುಗಳನ್ನೇ. ಎಸ್‌ಎಸ್‌ಡಿಯಲ್ಲಿ ಸುತ್ತುವ ಭಾಗವೇ ಇಲ್ಲ. ಹಳೇ ಸಿಸ್ಟಂಗಳಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಂದು, ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲಾ ಹಾಗೇ ಅದಕ್ಕೆ ಕ್ಲೋನ್ (ನಕಲು) ಮಾಡಿದೆ. ಟ್ಯಾಲಿ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಯಾವುದನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಲಿಲ್ಲ. ಬೆಳಿಗ್ಗೆ ಸಿಸ್ಟಂ ಆನ್ ಮಾಡಿ ಕಾಫಿಗೆ ಹೋಗುವ ಪದ್ಧತಿ ಅವತ್ತಿಗೆ ಮುಗಿಯಿತು. ಇದಕ್ಕೆ ಆಫೀಸಿನಲ್ಲಿ ಸ್ವಲ್ಪ ಬೇಜಾರೂ ಆಯಿತು ಅನ್ನಿ.

ಒಂದು ಮಾತು ಹೇಳಲೇಬೇಕು. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದದ್ದು ಇವತ್ತು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಸಂಜೆ ಬೀಗ ಹಾಕುವ ಮುಂಚೆ ಟ್ಯಾಲಿ ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗಬೇಕು, ಇನ್ನೊಂದು ಕಾಪಿ ಆಫೀಸಿನಿಂದ ಹೊರಗೆ ಇರಬೇಕು. ಎರಡೂ ಕಾಪಿ ಒಂದೇ ಟೇಬಲ್ಲಿನ ಡ್ರಾಯರ್‌ನಲ್ಲಿಟ್ಟರೆ ಅದನ್ನು ನಾನು ಬ್ಯಾಕಪ್ ಅಂತ ಕರೆಯುವುದಿಲ್ಲ.

ತೆಗೆದ ಹಾರ್ಡ್ ಡಿಸ್ಕ್‌ಗಳನ್ನು ಗುಜರಿಗೆ ಹಾಕಲಿಲ್ಲ. ಅದರಲ್ಲಿ ಗಿರಾಕಿಗಳ ಪ್ಯಾನು, ಬ್ಯಾಂಕ್ ವಿವರ ಎಲ್ಲಾ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೋಗುವುದಿಲ್ಲ, ತೆಗೆಯಲು ಗೊತ್ತಿರುವವರು ತೆಗೆಯುತ್ತಾರೆ. ನಕ್ಷತ್ರದ ತುದಿಯ ಸ್ಕ್ರೂ ಡ್ರೈವರ್ ತಂದು ಬಿಚ್ಚಿ, ತಟ್ಟೆಗಳ ಮೇಲೆ ಚೆನ್ನಾಗಿ ಗೀರಿ ಹಾಕಿದೆ. ಒಳಗೆ ಸಿಗುವ ಮ್ಯಾಗ್ನೆಟ್ ಭಾರೀ ಗಟ್ಟಿ. ನಮ್ಮ ಬೀರುವಿನ ಬಾಗಿಲ ಮೇಲೆ ಡ್ಯೂ ಡೇಟ್ ಹಾಳೆ ನಿಂತಿರುವುದು ಅದರಿಂದಲೇ. ಬೆರಳು ಮಧ್ಯೆ ಸಿಕ್ಕಿಕೊಂಡರೆ ಕಣ್ಣೀರು ಬರುತ್ತದೆ, ಹುಷಾರು.

ಸಣ್ಣಪುಟ್ಟ ರಿಪೇರಿಗಳಲ್ಲಿ ಎರಡನ್ನು ಯಾರು ಬೇಕಾದರೂ ಕಲಿಯಬಹುದು. ಆನ್ ಮಾಡಿದರೆ ಸ್ಕ್ರೀನ್ ಕಪ್ಪಗೇ ಇದ್ದು ಬೀಪ್ ಬೀಪ್ ಅಂದರೆ ಮೊದಲು ರ‍್ಯಾಮ್ ಮೇಲೆ ಅನುಮಾನ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿ ಊದಿ, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಗಿರಣಿ, ಮಂಡಿಗಳ ಸಿಸ್ಟಂಗಳಲ್ಲಿ ಧೂಳು ಹೆಚ್ಚು, ಈ ಕೆಲಸ ಆಗಾಗ ಬರುತ್ತದೆ.

ಎರಡನೆಯದು ಗಡಿಯಾರ. ಮಂಡಿಯೊಂದರಿಂದ ಫೋನ್ ಬಂತು: "ಸಾರ್, ಜಿಎಸ್‌ಟಿ ಸೈಟ್ ಓಪನ್ ಆಗ್ತಿಲ್ಲ, ನೆಟ್ ಇದೆ, ಯೂಟ್ಯೂಬೂ ಬರ್ತಿಲ್ಲ, ಏನೋ ಸರ್ಟಿಫಿಕೇಟ್ ಅಂತಿದೆ." ಮೂಲೆಯಲ್ಲಿ ತಾರೀಖು ಎಷ್ಟಿದೆ ನೋಡಿ ಅಂದೆ. ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಸೈಟಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಸಿಸ್ಟಂ ತಾರೀಖು ಅದರ ಆಚೆ ಇದ್ದರೆ ಬ್ರೌಸರ್ ಒಳಗೇ ಬಿಡುವುದಿಲ್ಲ. ಕಾರಣ, ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಬಿಲ್ಲೆ ಸೆಲ್ಲು ಸತ್ತಿರುವುದು. ಸಿಆರ್2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಕೊಡುತ್ತಾರೆ. ಇಷ್ಟಕ್ಕೇ ಮದರ್‌ಬೋರ್ಡ್ ಹೋಗಿದೆ ಅಂತ ಬಿಲ್ಲು ಮಾಡಿದ್ದನ್ನೂ ನೋಡಿದ್ದೇನೆ.

ಯುಪಿಎಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕರೆಂಟ್ ಹೋದ ತಕ್ಷಣ ಸಿಸ್ಟಂ ಆಫ್ ಆದರೆ ಯುಪಿಎಸ್ ಎಸೆಯಬೇಡಿ. ಒಳಗಿನ 12 ವೋಲ್ಟಿನ ಬ್ಯಾಟರಿ ಬದಲಿಸಿದರೆ ಬಹಳ ಸಲ ಸಾಕಾಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದರೊಳಗೆ ಕಾಗದಕ್ಕೆ ಪುಡಿ ಅಂಟಿಸಲು ಹೀಟರ್ ಇದೆ, ಅದು ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಪುಟ್ಟ ಯುಪಿಎಸ್ ತಾಳುವುದಿಲ್ಲ.

ಎರಡನೇ ಮಾನಿಟರ್ ಶೋಕಿ ಅಂತ ನಮ್ಮ ಬಾಸ್ ತುಂಬಾ ದಿನ ನಂಬಿದ್ದರು. ಒಂದು ಸ್ಕ್ರೀನಿನಲ್ಲಿ ಜಿಎಸ್‌ಟಿ ಸೈಟಿನ 2ಬಿ (ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ), ಪಕ್ಕದಲ್ಲಿ ಟ್ಯಾಲಿಯ ಪರ್ಚೇಸ್ ಇಟ್ಟುಕೊಂಡು ತಾಳೆ ನೋಡಿದ್ದನ್ನು ಒಂದು ಸಲ ತೋರಿಸಿದೆ. ಆಮೇಲೆ ಅವರೇ ತಮ್ಮ ಟೇಬಲ್ಲಿಗೂ ಒಂದು ತರಿಸಿಕೊಂಡರು. ಸ್ಕ್ರೀನಿನ ಮೇಲಂಚು ಕಣ್ಣಿನ ಎತ್ತರಕ್ಕಿರಲಿ. ಸ್ಟ್ಯಾಂಡ್ ಯಾಕೆ, ಬಿಚ್ಚದ ಎ4 ರೀಮ್ ಎರಡು ಕೆಳಗಿಟ್ಟರೆ ಆಯಿತು, ಅಲ್ವಾ?

ಹಾಗಾದರೆ ಹೊಸ ಸಿಸ್ಟಂ ತಗೊಳ್ಳಲೇ ಇಲ್ವಾ ಅಂದರೆ, ತಗೊಂಡೆವು. ಅದು ವಿಂಡೋಸ್ ಕಾರಣಕ್ಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟು, ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಸಿಸ್ಟಂನಲ್ಲಿ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಮೇಲಿರಬೇಕು. ಐ5-6500 ಅಂತಿದ್ದರೆ ಅಡ್ಡಗೆರೆ ಆದಮೇಲಿನ 6 ಅಂದರೆ ಆರನೇ ಜನರೇಶನ್. ನಮ್ಮವು ಅಂಥವೇ. ಅಡ್ಡದಾರಿಯಲ್ಲಿ 11 ಹಾಕಿಕೊಡ್ತೀವಿ ಅಂದವರಿದ್ದರು. ಮನೆಯ ಸಿಸ್ಟಂಗೆ ಯಾರಾದರೂ ಹಾಕಿಕೊಳ್ಳಲಿ, ಬೇರೆಯವರ ಬ್ಯಾಂಕ್ ವಿವರ ಇರುವ ಕಡೆ ನಾನು ಒಪ್ಪಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಸಿಸ್ಟಂ ತಂದೆವು, ಎಂಟನೇ ಜನರೇಶನ್ನಿನವು. ಅಂಗಡಿಯಲ್ಲೇ ಆನ್ ಮಾಡಿಸಿ, ಎಲ್ಲಾ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ, ವಿಂಡೋಸ್ ಆಕ್ಟಿವೇಟ್ ಆಗಿದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ಕಣ್ಣಾರೆ ಕಂಡ ಮೇಲೆ ದುಡ್ಡು ಕೊಟ್ಟೆವು. ಕೀಬೋರ್ಡ್, ಮಾನಿಟರ್ ಹಳೆಯವೇ.

ಹಳೆಯದರಲ್ಲಿ ಒಂದನ್ನು ಬೆಲ್ಲದ ಮಂಡಿಗೆ ಕೊಟ್ಟಿದ್ದೇವೆ. ಅಲ್ಲಿ ಕಾರ್ಬನ್ ಕಾಪಿ ಬಿಲ್ಲು ಬೇಕು, ಅದಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಆಗಬೇಕು. ಪಿನ್ನು ಕುಟ್ಟಿದರಷ್ಟೇ ಕೆಳಗಿನ ಹಾಳೆಗೆ ಅಕ್ಷರ ಬೀಳುವುದು. ಬೆಂಬಲ ನಿಂತ ವಿಂಡೋಸ್ ಆದ್ದರಿಂದ ಆ ಸಿಸ್ಟಂನ ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಪೆನ್‌ಡ್ರೈವ್ ಹಾಕುವ ಮುಂಚೆ ಒಂದು ಫೋನ್ ಮಾಡಿ ಅಂತಲೂ ಹೇಳಿದ್ದೇನೆ. ಇಲ್ಲಿಯವರೆಗೆ ಮಾಡ್ತಿದ್ದಾರೆ.